ಈಜುಕೊಳದ ನೀರಿಗೂ ಕತ್ತಿ ಅದ್ದಿ ನೋಡಬೇಕು

ಶಿವಮೊಗ್ಗದಲ್ಲಿ ಈಜುಕೊಳ ನೋಡಿಕೊಳ್ಳುವ ಸಿಬ್ಬಂದಿ, ಹೋಂಸ್ಟೇ ನಡೆಸುವವರು ಮತ್ತು ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕಳಿಸುವ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ.

ಮಳೆ ಹಿಡಿಯುವ ಮುಂಚೆ ಅಡಿಕೆ ಕೊನೆಗಳಿಗೆ ಕೊಳೆರೋಗದ ಔಷಧಿ ಹೊಡೆಸುವ ಮನೆಯವರು ಇಲ್ಲಿ ಬಹಳ ಜನ ಇದ್ದೀರಿ. ಒಂದು ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆಬೇರೆ ಕರಗಿಸುತ್ತೀರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತ ಕಲಕುತ್ತೀರಿ. ಅಷ್ಟಕ್ಕೇ ಬಿಡುವುದಿಲ್ಲ. ಮಸೆದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆದು ನೋಡುತ್ತೀರಿ. ಅಲಗಿನ ಮೇಲೆ ಕೆಂಪು ಕೂತರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಬಣ್ಣ ಎಷ್ಟೇ ನೀಲಿಯಾಗಿ ಚೆನ್ನಾಗಿ ಕಂಡರೂ ಕತ್ತಿ ಒಪ್ಪುವವರೆಗೆ ಔಷಧಿ ಮರ ಹತ್ತುವುದಿಲ್ಲ.

ಈಜುಕೊಳದ ನೀರಿಗೆ ಬಂದರೆ ಈ ಶಿಸ್ತು ಕೈಬಿಟ್ಟುಹೋಗುತ್ತದೆ. ನೀರು ತಿಳಿಯಾಗಿದೆ, ತಳದ ಟೈಲ್ಸ್ ಕಾಣಿಸುತ್ತಿದೆ, ಇನ್ನೇನು ಬೇಕು ಎಂದು ಜನರನ್ನು ಇಳಿಸಿಬಿಡುತ್ತೇವೆ. ಕಾಯಿಲೆ ತರುವ ಜೀವಿಗಳು ತಿಳಿನೀರಿನಲ್ಲೂ ಇರುತ್ತವೆ. ಅಡಿಕೆಗೆ ಕೊಡುವ ಪರೀಕ್ಷೆಯನ್ನು ಮಕ್ಕಳು ಮುಳುಗಿ ಏಳುವ ನೀರಿಗೂ ಕೊಡಬೇಕು. ಇವತ್ತು ಹೇಳಬೇಕಾದದ್ದರ ತಿರುಳು ಅಷ್ಟೇ, ಉಳಿದದ್ದು ಅದರ ವಿವರ.

‘ತುಂಗಾ ಪಾನ, ಗಂಗಾ ಸ್ನಾನ’ ಎನ್ನಿಸಿಕೊಂಡ ಸೀಮೆ ನಮ್ಮದು. ತುಂಗೆಯ ನೀರು, ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಎರಡೂ ಮೆದು ನೀರು. ಅದರಲ್ಲಿ ಕರಗಿದ ಲವಣ ಕಡಿಮೆ, ಹಾಗಾಗಿ ಬೇಳೆ ಬೇಗ ಬೇಯುತ್ತದೆ, ಸೋಪು ಬೇಗ ನೊರೆಯುತ್ತದೆ. ಕುಡಿಯಲು ಹಿತವಾದ ಈ ಗುಣವೇ ಈಜುಕೊಳದಲ್ಲಿ ತೊಂದರೆ ಕೊಡುತ್ತದೆ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ತೋರಿಸುವ ಅಳತೆ ಪಿಎಚ್; 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ನೀರಿಗೆ ಹುಳಿಯೋ ಕ್ಷಾರವೋ ಬಿದ್ದಾಗ ಈ ಪಿಎಚ್ ಕದಲದಂತೆ ಹಿಡಿದಿಡುವ ಶಕ್ತಿಗೆ ಕ್ಷಾರತೆ ಎನ್ನುತ್ತಾರೆ. ಅದು ಪ್ರತಿ ಲೀಟರಿಗೆ 80ರಿಂದ 120 ಮಿಲಿಗ್ರಾಂ, ಅಂದರೆ 80ರಿಂದ 120 ಪಿಪಿಎಂ ಇರಬೇಕು. ಮಲೆನಾಡಿನ ಮೆದು ನೀರಿನಲ್ಲಿ ಇದು ತೀರಾ ಕಡಿಮೆ. ಅಂಥ ನೀರಿಗೆ ಕೊಳೆ ತಳ ಕೂರಿಸುವ ಆಲಂ (ಸ್ಫಟಿಕ) ಒಂದು ಬಕೆಟ್ ಹಾಕಿದರೂ ಪಿಎಚ್ ದಿಢೀರನೆ ಕುಸಿಯುತ್ತದೆ, ಸ್ವಲ್ಪ ಬ್ಲೀಚಿಂಗ್ ಪೌಡರ್ ಬಿದ್ದರೆ ಮೇಲಕ್ಕೆ ಹಾರುತ್ತದೆ. ಹುಳಿ ತಿರುಗಿದ ಮೆದು ನೀರು ತನಗಿಲ್ಲದ ಸುಣ್ಣವನ್ನು ಟೈಲ್ಸ್ ಸಂದಿನ ಸಿಮೆಂಟಿನಿಂದ ಎಳೆದುಕೊಳ್ಳುತ್ತದೆ. ಸಂದು ಉದುರಿ ಟೈಲ್ಸ್ ಅಂಚು ಏಳುತ್ತದೆ, ಮಕ್ಕಳ ಕಾಲು ಕೊಯ್ಯುವುದು ಅಲ್ಲಿಯೇ.

ಇದಕ್ಕೆ ಮದ್ದು ಅಡುಗೆ ಸೋಡಾ. ಲೆಕ್ಕಕ್ಕೆ ಒಂದು ಕೊಳ ಇಟ್ಟುಕೊಳ್ಳೋಣ: 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ. ಸುಮಾರು 4 ಲಕ್ಷ 69 ಸಾವಿರ ಲೀಟರ್ ನೀರು. ಇದರ ಕ್ಷಾರತೆಯನ್ನು 10 ಪಿಪಿಎಂ ಏರಿಸಲು ಸುಮಾರು 8 ಕೆ.ಜಿ. ಸೋಡಾ ಬೇಕು. 30ರಲ್ಲಿರುವ ನೀರನ್ನು 80ಕ್ಕೆ ತರಲು 40 ಕೆ.ಜಿ. ಒಂದೇ ದಿನ ಸುರಿಯಬೇಡಿ. ಎರಡು ಮೂರು ದಿನಕ್ಕೆ ಹಂಚಿ, ಪಂಪ್ ಓಡುತ್ತಿರುವಾಗ ಹಾಕಿ, ಮರುದಿನ ಅಳೆದು ಮುಂದುವರಿಯಿರಿ. ಮೊದಲು ಕ್ಷಾರತೆ ಸರಿಮಾಡಿ, ಆಮೇಲೆ ಪಿಎಚ್, ಕೊನೆಗೆ ಕ್ಲೋರಿನ್. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಜಂಬಿಟ್ಟಿಗೆ ಮಣ್ಣಿನ ಕಡೆ ಬೋರ್‌ವೆಲ್ ನೀರಿನಿಂದ ಕೊಳ ತುಂಬಿಸುವವರಿಗೆ ಇನ್ನೊಂದು ಮಾತು. ಆ ನೀರಿನಲ್ಲಿ ಕಬ್ಬಿಣ ಇರುವುದುಂಟು. ಕ್ಲೋರಿನ್ ಬಿದ್ದ ಕೂಡಲೇ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಕಾರಣ ಅದೇ. ಮೊದಲು ತೊಟ್ಟಿಯಲ್ಲಿ ಗಾಳಿಯಾಡಿಸಿ, ಕಬ್ಬಿಣ ತಳ ಕೂತ ಮೇಲೆ ತಿಳಿಯನ್ನು ಕೊಳಕ್ಕೆ ಬಿಡಿ.

ಈಗ ಪಿಎಚ್ ಮತ್ತು ಕ್ಲೋರಿನ್. ಇವೆರಡನ್ನು ಬೇರೆಬೇರೆ ನೋಡುವುದೇ ನಮ್ಮ ಕೊಳಗಳ ದೊಡ್ಡ ತಪ್ಪು. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪದಲ್ಲಿ ಇರುತ್ತದೆ. ಒಂದು ರೂಪ ಕ್ರಿಮಿಯನ್ನು ಚುರುಕಾಗಿ ಕೊಲ್ಲುತ್ತದೆ, ಇನ್ನೊಂದು ಬಹಳ ನಿಧಾನ. ಯಾವುದು ಎಷ್ಟು ಎಂದು ತೀರ್ಮಾನಿಸುವುದು ಪಿಎಚ್. 7.2ರಲ್ಲಿ ಮೂರರಲ್ಲಿ ಎರಡು ಪಾಲು ಚುರುಕು ರೂಪದಲ್ಲಿರುತ್ತದೆ. 7.5ರಲ್ಲಿ ಅರ್ಧ. 8ಕ್ಕೆ ಹೋದರೆ ಕಾಲು ಭಾಗ. 8.5ರಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ. ಪಿಎಚ್ 8.5 ಇರುವ ಕೊಳಕ್ಕೆ ಎಷ್ಟು ಚೀಲ ಬ್ಲೀಚಿಂಗ್ ಸುರಿದರೂ ಬಹುಪಾಲು ಹಣ ನೀರಲ್ಲಿ ಹೋಮ. ಆದ್ದರಿಂದ ಪಿಎಚ್ 7.2ರಿಂದ 7.6ರ ನಡುವೆ ಇರಲಿ. ಸ್ವತಂತ್ರ ಕ್ಲೋರಿನ್, ಅಂದರೆ ಕೊಳೆಗೆ ಕಟ್ಟುಬೀಳದೆ ಕ್ರಿಮಿ ಕೊಲ್ಲಲು ಉಳಿದಿರುವ ಕ್ಲೋರಿನ್, ಯಾವ ಹೊತ್ತಿನಲ್ಲೂ 1 ಪಿಪಿಎಂಗಿಂತ ಕೆಳಗಿಳಿಯಬಾರದು, ಜನ ಇರುವಾಗ 2ರ ಆಸುಪಾಸು ಇದ್ದರೆ ನೆಮ್ಮದಿ.

ಅಳೆಯುವ ಬಗೆ ಹೀಗೆ. ನೀರು ಒಳಬರುವ ನಳಿಕೆಗಳಿಂದ ದೂರ ನಿಂತು, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ. ಮೇಲ್ಪದರದ ನೀರು ಬಿಸಿಲಿಗೆ ಕ್ಲೋರಿನ್ ಕಳೆದುಕೊಂಡಿರುತ್ತದೆ, ಅದು ಇಡೀ ಕೊಳದ ಕಥೆ ಹೇಳುವುದಿಲ್ಲ. ಗಾಜಿನ ಕೊಳವೆಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು ಗುರುತಿನವರೆಗೆ ತುಂಬಿ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಕೊಡುವ ಡಿಪಿಡಿ ಪರೀಕ್ಷೆಯ ಒಂದನೇ ನಂಬರ್ ಮಾತ್ರೆಯನ್ನು ಬೆರಳು ತಾಗಿಸದೆ ಹಾಕಿ, ಕಡ್ಡಿಯಿಂದ ಪುಡಿಮಾಡಿ ಕರಗಿಸಿ, ಒಂದು ನಿಮಿಷದೊಳಗೆ ಗುಲಾಬಿ ಬಣ್ಣವನ್ನು ಹೋಲಿಸಿ ನೋಡಿ. ಇದು ಸ್ವತಂತ್ರ ಕ್ಲೋರಿನ್. ಅದೇ ಕೊಳವೆಗೆ ಮೂರನೇ ನಂಬರ್ ಮಾತ್ರೆ ಹಾಕಿ ಎರಡು ನಿಮಿಷ ಬಿಟ್ಟರೆ ಒಟ್ಟು ಕ್ಲೋರಿನ್ ಸಿಗುತ್ತದೆ. ಎರಡರ ವ್ಯತ್ಯಾಸವೇ ಕಟ್ಟುಬಿದ್ದ ಕ್ಲೋರಿನ್, ಅದರ ಮಾತು ಮುಂದೆ ಬರುತ್ತದೆ. ಬಾಗಿಲು ತೆರೆಯುವ ಮುಂಚೆ ಒಮ್ಮೆ, ತೆರೆದ ಮೇಲೆ ಎರಡು ಮೂರು ಗಂಟೆಗೊಮ್ಮೆ ಇದನ್ನು ಮಾಡಿ ರಿಜಿಸ್ಟರಿನಲ್ಲಿ ಬರೆಯಬೇಕು.

ಇಲ್ಲಿ ಎರಡು ಮೋಸಗಳಿವೆ. ಹಲವು ಕಡೆ ಹಳದಿ ಬಣ್ಣ ತೋರಿಸುವ ಅಗ್ಗದ ಓಟಿಓ ಕಿಟ್ ಇರುತ್ತದೆ. ಅದು ಒಟ್ಟು ಕ್ಲೋರಿನ್ ಮಾತ್ರ ತೋರಿಸುತ್ತದೆ. ಅದರಲ್ಲಿ ಕೆಲಸ ಮಾಡುವ ಪಾಲು ಎಷ್ಟು, ಬೆವರು ಮೂತ್ರಕ್ಕೆ ಕಟ್ಟುಬಿದ್ದು ಸೋತ ಪಾಲು ಎಷ್ಟು ಎಂದು ತಿಳಿಯುವುದಿಲ್ಲ. ಸಾರ್ವಜನಿಕ ಕೊಳಕ್ಕೆ ಅದು ಸಾಲದು. ಎರಡನೆಯದು ಇನ್ನೂ ಅಪಾಯ. ಕ್ಲೋರಿನ್ ವಿಪರೀತ ಇದ್ದಾಗ ಡಿಪಿಡಿಯ ಗುಲಾಬಿ ಬಣ್ಣ ಕ್ಷಣ ಮಿಂಚಿ ಅಳಿಸಿಹೋಗುತ್ತದೆ. ನೋಡಿದವರು ‘ಕ್ಲೋರಿನ್ ಸೊನ್ನೆ’ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಸೊನ್ನೆ ಬಂದಾಗಲೆಲ್ಲ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ ಮತ್ತೊಮ್ಮೆ ಅಳೆಯಿರಿ. ಬಣ್ಣ ಬಂದರೆ ಅದನ್ನು ಐದರಿಂದ ಗುಣಿಸಿ.

ಲೆಕ್ಕಕ್ಕೆ ಇಟ್ಟುಕೊಂಡ ನಮ್ಮ ಕೊಳಕ್ಕೆ 1 ಪಿಪಿಎಂ ಏರಿಸಲು 469 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಶೇಕಡಾ 30 ಬಲದ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 1.6 ಕೆ.ಜಿ. ಶೇಕಡಾ 65ರ ಹೈಪೋಕ್ಲೋರೈಟ್ ಹರಳಾದರೆ 720 ಗ್ರಾಂ. ಆದರೆ ಚೀಲದ ಮೇಲೆ ಅಚ್ಚಾದ ಬಲ ಮಲೆನಾಡಿನ ಮಳೆಗಾಲದಲ್ಲಿ ಉಳಿಯುವುದಿಲ್ಲ. ಜುಲೈ ತಿಂಗಳಲ್ಲಿ ಉಪ್ಪೇ ನೀರೊಡೆಯುವ ಊರುಗಳಲ್ಲಿ ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಚೀಲ ಕೆಲವೇ ವಾರಗಳಲ್ಲಿ ಸುಣ್ಣದ ಪುಡಿಗೆ ಹತ್ತಿರವಾಗುತ್ತದೆ. ಸಣ್ಣ ಪ್ಯಾಕೆಟ್ ತನ್ನಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಡಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿರಲಿ. ಪೌಡರನ್ನು ನೇರ ಎರಚದೆ ಬಕೆಟ್ ನೀರಿನಲ್ಲಿ ಕಲಸಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಜನ ಇಲ್ಲದಾಗ ಕೊಳಕ್ಕೆ ಬಿಡಿ.

ನಿಧಾನಕ್ಕೆ ಕರಗಿ ಕ್ಲೋರಿನ್ ಬಿಡುವ ಟಿಸಿಸಿಎ ಬಿಲ್ಲೆಗಳನ್ನು ಬಳಸುವವರು ಹೆಚ್ಚುತ್ತಿದ್ದಾರೆ, ಸುಲಭ ಎಂಬುದು ನಿಜ. ಆದರೆ ಅದರಿಂದ ಬರುವ ಪ್ರತಿ 1 ಪಿಪಿಎಂ ಕ್ಲೋರಿನ್ ಜೊತೆಗೆ ಸುಮಾರು 0.6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಬಂದು ಸೇರುತ್ತದೆ. ಬಿಸಿಲಿನಿಂದ ಕ್ಲೋರಿನ್ ಕಾಪಾಡಲು ತೆರೆದ ಕೊಳಕ್ಕೆ ಇದು 30ರಷ್ಟಿದ್ದರೆ ಒಳ್ಳೆಯದು. ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ ಬಿಲ್ಲೆ ಹಾಕುತ್ತ ಹೋದರೆ ಎರಡು ತಿಂಗಳಲ್ಲಿ 70 ದಾಟುತ್ತದೆ. ಆಗ ಕ್ಲೋರಿನ್ ಅಳತೆಯಲ್ಲಿ ಕಾಣುತ್ತದೆ, ಕೆಲಸ ಮಾಡುವುದು ಮಾತ್ರ ನಿಧಾನವಾಗುತ್ತದೆ. ನೀರಿನ ಒಂದು ಭಾಗ ಹೊರಬಿಟ್ಟು ಹೊಸ ನೀರು ತುಂಬಿಸುವುದನ್ನು ಬಿಟ್ಟರೆ ಇದನ್ನು ಇಳಿಸಲು ಸುಲಭದ ದಾರಿ ಇಲ್ಲ. ಬಿಲ್ಲೆ ಹುಳಿ ಗುಣದ್ದು ಎಂಬುದನ್ನೂ ಮರೆಯಬೇಡಿ, ನಮ್ಮ ಮೆದು ನೀರಿನ ಪಿಎಚ್ ಅನ್ನು ಅದು ದಿನದಿನವೂ ಕೆಳಗೆಳೆಯುತ್ತದೆ.

ರಾಸಾಯನಿಕಗಳ ಕೋಣೆಯ ಮೂರು ನಿಯಮಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಆಸಿಡ್ ಮತ್ತು ಬ್ಲೀಚಿಂಗ್ ಒಂದೇ ಬಕೆಟ್ ಮುಟ್ಟಬಾರದು, ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಿಸಿಸಿಎ ಮತ್ತು ಹೈಪೋಕ್ಲೋರೈಟ್ ಹರಳು ಒಟ್ಟಿಗೆ ಬೆರೆಯಬಾರದು, ಬೆರೆತರೆ ಬೆಂಕಿ ಹೊತ್ತುತ್ತದೆ, ಸಿಡಿಯಲೂಬಹುದು. ಅಳೆಯುವ ಚಮಚವೂ ಬೇರೆಬೇರೆ ಇರಲಿ. ಯಾವಾಗಲೂ ನೀರಿಗೆ ರಾಸಾಯನಿಕ ಹಾಕಬೇಕು, ರಾಸಾಯನಿಕಕ್ಕೆ ನೀರು ಹಾಕಬಾರದು.

ಕೊಳದ ಹತ್ತಿರ ಹೋದಾಗ ಮೂಗಿಗೆ ಅಡರುವ ವಾಸನೆಯನ್ನು ಜನ ‘ಕ್ಲೋರಿನ್ ಜಾಸ್ತಿ’ ಎನ್ನುತ್ತಾರೆ. ಆ ವಾಸನೆ, ಕಣ್ಣುರಿ, ಕೆಮ್ಮು ಎಲ್ಲವೂ ಕಟ್ಟುಬಿದ್ದ ಕ್ಲೋರಿನ್ನಿನದು. ಬೆವರು ಮತ್ತು ಮೂತ್ರದ ಯೂರಿಯಾ ಜೊತೆ ಸೇರಿದ ಕ್ಲೋರಿನ್ ಅದು. ವಾಸನೆ ಬಂದರೆ ಕ್ಲೋರಿನ್ ಸಾಲದೇ ಬಂದಿದೆ ಎಂದೇ ಬಹುತೇಕ ಅರ್ಥ. ಕಟ್ಟುಬಿದ್ದ ಕ್ಲೋರಿನ್ 0.4 ಪಿಪಿಎಂ ದಾಟಬಾರದು. ದಾಟಿದರೆ ಅದರ ಹತ್ತು ಪಟ್ಟು ಸ್ವತಂತ್ರ ಕ್ಲೋರಿನ್ ಒಂದೇ ಸಲಕ್ಕೆ ಕೊಟ್ಟು ಸುಡಬೇಕು. 0.6 ಇದ್ದರೆ 6 ಪಿಪಿಎಂ, ನಮ್ಮ ಕೊಳಕ್ಕೆ 9.4 ಕೆ.ಜಿ. ಬ್ಲೀಚಿಂಗ್. ಅರ್ಧಂಬರ್ಧ ಹಾಕಿದರೆ ವಾಸನೆ ಇನ್ನೂ ಕೆಡುತ್ತದೆ. ಕೊಳ ಮುಚ್ಚಿ ರಾತ್ರಿ ಮಾಡುವ ಕೆಲಸ ಇದು, ಬೆಳಿಗ್ಗೆ ಕ್ಲೋರಿನ್ 4ರ ಕೆಳಗೆ ಇಳಿದ ಮೇಲೆ ಬಾಗಿಲು ತೆರೆಯಿರಿ.

ಇದಕ್ಕಿಂತ ಅಗ್ಗದ ಉಪಾಯ ಶವರ್. ಒಂದು ನಿಮಿಷ ಮೈ ಉಜ್ಜಿ ತೊಳೆದುಕೊಂಡು ಇಳಿದರೆ ಕೊಳಕ್ಕೆ ಸೇರುವ ಕೊಳೆಯ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ನಮ್ಮಲ್ಲಿ ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸುವ ಪದ್ಧತಿ ಇದೆ. ಆ ಎಣ್ಣೆ ಫಿಲ್ಟರಿನ ಮರಳಿಗೆ ಮೆತ್ತಿ ಮರಳು ಉಂಡೆಗಟ್ಟುತ್ತದೆ, ನೀರು ಸಂದಿನಲ್ಲಿ ದಾರಿ ಮಾಡಿಕೊಂಡು ಸೋಸದೇ ಹಾದುಹೋಗುತ್ತದೆ. ಅಮ್ಮಂದಿರಲ್ಲಿ ಒಂದು ಕೋರಿಕೆ: ಈಜಿನ ದಿನ ಎಣ್ಣೆ ಬೇಡ, ಮನೆಗೆ ಬಂದ ಮೇಲೆ ಹಚ್ಚಿ.

ಫಿಲ್ಟರಿನ ಬಗ್ಗೆ ಚಿಕ್ಕದಾಗಿ. ಇಡೀ ಕೊಳದ ನೀರು ನಾಲ್ಕರಿಂದ ಆರು ಗಂಟೆಯಲ್ಲಿ ಒಂದು ಸುತ್ತು ಸೋಸಿ ಬರಬೇಕು. ಒತ್ತಡದ ಮೀಟರ್, ಫಿಲ್ಟರ್ ಶುಭ್ರವಾಗಿದ್ದಾಗಿನ ಅಂಕಿಗಿಂತ ಅರ್ಧ ಬಾರ್‌ಗೂ ಹೆಚ್ಚು ಏರಿದರೆ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳು ತೊಳೆಯಿರಿ, ಹೊರಹೋಗುವ ಪೈಪಿನ ಗಾಜಿನಲ್ಲಿ ನೀರು ತಿಳಿಯಾಗುವವರೆಗೆ ನಿಲ್ಲಿಸಬೇಡಿ. ಈಜಿದ ಪ್ರತಿಯೊಬ್ಬರ ಲೆಕ್ಕಕ್ಕೆ ದಿನಕ್ಕೆ 30 ಲೀಟರ್ ಹಳೆ ನೀರು ಹೋಗಿ ಹೊಸದು ಬರಬೇಕು. ಬ್ಯಾಕ್‌ವಾಶಿನಲ್ಲಿ ಹೋಗುವ ನೀರನ್ನು ಇದರಲ್ಲೇ ಸೇರಿಸಿಕೊಳ್ಳಬಹುದು.

ಮಗುವೊಂದು ಕೊಳದಲ್ಲಿ ಹೇತುಬಿಟ್ಟರೆ ಏನು ಮಾಡುವುದು? ಮುಜುಗರ ಪಟ್ಟುಕೊಂಡು ಮುಚ್ಚಿಡುವ ವಿಷಯ ಇದಲ್ಲ. ಎಲ್ಲರನ್ನೂ ಹೊರಗೆ ಕರೆಯಿರಿ. ಗಟ್ಟಿ ಮಲವಾದರೆ ಜಾಲರಿಯಿಂದ ತೆಗೆದು, ಪಿಎಚ್ 7.5ಕ್ಕಿಂತ ಕೆಳಗಿಟ್ಟು, 2 ಪಿಪಿಎಂ ಕ್ಲೋರಿನ್ನಿನಲ್ಲಿ ಅರ್ಧ ಗಂಟೆ ಕಾದರೆ ಸಾಕು. ಭೇದಿಯಾದರೆ ಮಾತು ಬೇರೆ. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿ 1 ಪಿಪಿಎಂ ಕ್ಲೋರಿನ್ನಿನಲ್ಲಿ ವಾರಕ್ಕೂ ಹೆಚ್ಚು ಬದುಕುತ್ತದೆ. ಅದನ್ನು ಕೊಲ್ಲಲು 20 ಪಿಪಿಎಂ ಕ್ಲೋರಿನ್ನನ್ನು 12 ಗಂಟೆ 45 ನಿಮಿಷ ಇಳಿಯದಂತೆ ಹಿಡಿದಿಡಬೇಕು. ನಮ್ಮ ಕೊಳಕ್ಕೆ 31 ಕೆ.ಜಿ. ಬ್ಲೀಚಿಂಗ್, ಆಮೇಲೆ ಬ್ಯಾಕ್‌ವಾಶ್. ಒಂದು ದಿನದ ಆದಾಯ ಹೋಗುತ್ತದೆ, ಹೋಗಲಿ. ಭೇದಿ ಆದ ಮಗುವನ್ನು ಈಜಿಗೆ ಕಳಿಸಬೇಡಿ. ಕ್ರಿಪ್ಟೋ ಎಂದು ವೈದ್ಯರು ಹೇಳಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ಬೇಡ.

ಮಳೆ ಮತ್ತು ಕರೆಂಟು ನಮ್ಮ ಸೀಮೆಯ ವಿಶೇಷ ಸಮಸ್ಯೆಗಳು. ತೆರೆದ ಕೊಳದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ 31 ಸಾವಿರ ಲೀಟರಿಗೂ ಹೆಚ್ಚು ಉಪ್ಪಿಲ್ಲದ, ಕ್ಷಾರತೆಯಿಲ್ಲದ ನೀರು ಬಂದು ಸೇರುತ್ತದೆ. ಜೊತೆಗೆ ದರಗು, ಮಣ್ಣು, ಕಪ್ಪೆ. ಆಗುಂಬೆ, ಹೊಸನಗರದ ಕಡೆ ಇಂಥ ದಿನಗಳು ಸಾಲುಸಾಲು ಬರುತ್ತವೆ. ಮಳೆ ನಿಂತ ಮೇಲೆ ಕ್ಷಾರತೆಯಿಂದ ಶುರುಮಾಡಿ ಎಲ್ಲವನ್ನೂ ಮತ್ತೆ ಅಳೆಯದೆ ಬಾಗಿಲು ತೆಗೆಯಬೇಡಿ.

ಕರೆಂಟಿನ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ದ್ರಾವಣ ಮತ್ತು ಆಸಿಡ್ ಎರಡನ್ನೂ ಪೈಪಿಗೆ ಹನಿಸುವ ಡೋಸಿಂಗ್ ಪಂಪುಗಳಿರುವ ಕೊಳದಲ್ಲಿ ದೊಡ್ಡ ಪಂಪ್ ನಿಂತು ಸಣ್ಣ ಪಂಪುಗಳು ಮಾತ್ರ ಓಡುತ್ತಿದ್ದರೆ ಎರಡೂ ಪೈಪಿನಲ್ಲಿ ನಿಂತ ನೀರಿನಲ್ಲಿ ಕೂಡಿಕೊಳ್ಳುತ್ತವೆ. ಡೋಸಿಂಗ್ ಪಂಪು ಇನ್ವರ್ಟರ್ ಸಾಲಿನಲ್ಲಿದ್ದು, ದೊಡ್ಡ ಪಂಪು ಇಲ್ಲದಿದ್ದಾಗ ಹೀಗಾಗುತ್ತದೆ. ಕರೆಂಟು ಬಂದು ನೀರು ಹರಿದ ಕೂಡಲೇ ಕ್ಲೋರಿನ್ ಅನಿಲ ನಳಿಕೆಗಳಿಂದ ನೇರ ಈಜುವವರ ಮುಖಕ್ಕೆ ಬರುತ್ತದೆ. ನೀರಿನ ಹರಿವು ನಿಂತರೆ ಡೋಸಿಂಗ್ ತಾನಾಗಿ ನಿಲ್ಲುವಂತೆ ಫ್ಲೋ ಸ್ವಿಚ್ ಹಾಕಿಸಿ, ತಿಂಗಳಿಗೊಮ್ಮೆ ಪರೀಕ್ಷಿಸಿ. ಕರೆಂಟು ಹೋದರೆ ಎಲ್ಲರೂ ನೀರಿನಿಂದ ಹೊರಗೆ. ಬಂದ ಮೇಲೆ ಪಂಪ್ ಕೆಲವು ನಿಮಿಷ ಓಡಿ, ವಾಸನೆ ಇಲ್ಲವೆಂದು ಖಾತ್ರಿಯಾದ ನಂತರವೇ ಒಳಗೆ.

ಇನ್ನು ರೆಸಾರ್ಟು, ಹೋಂಸ್ಟೇಗಳ ಜಕೂಝಿ, ಅಂದರೆ ಗುಳ್ಳೆ ಏಳುವ ಬಿಸಿನೀರಿನ ತೊಟ್ಟಿ. ನಮ್ಮ ದೊಡ್ಡ ಕೊಳದಲ್ಲಿ ನೂರು ಜನ ಇಳಿದರೆ ತಲೆಗೆ 4,690 ಲೀಟರ್ ನೀರು. 1,500 ಲೀಟರಿನ ಬಿಸಿ ತೊಟ್ಟಿಯಲ್ಲಿ ನಾಲ್ವರು ಕೂತರೆ ತಲೆಗೆ 375 ಲೀಟರ್. ಬಿಸಿಗೆ ಬೆವರು ಹೆಚ್ಚು, ಕ್ಲೋರಿನ್ ಬೇಗ ಹಾರುತ್ತದೆ. ಆದ್ದರಿಂದ ಇಲ್ಲಿ ಕ್ಲೋರಿನ್ 3 ಪಿಪಿಎಂಗಿಂತ ಕಡಿಮೆ ಇರಬಾರದು, ನೀರು ಅರ್ಧ ಗಂಟೆಗೊಮ್ಮೆ ಪೂರ್ತಿ ಸೋಸಿ ಬರಬೇಕು. ಲೀಜನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿ ಬಿಸಿಯಲ್ಲಿ ಬೆಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದವರಿಗೆ ನ್ಯುಮೋನಿಯಾ ಹರಡಿದ ಬಳಿಕ ಗುರುತಾದ ಜೀವಿ ಇದು. ಗುಳ್ಳೆ ಏಳುವ ನೀರಿನ ತುಂತುರನ್ನು ಉಸಿರಿನಲ್ಲಿ ಎಳೆದುಕೊಂಡರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮಲ್ಲಿ ಅತಿಥಿಗಳು ಬರುವುದು ಶನಿವಾರ, ಭಾನುವಾರ. ಸೋಮವಾರ ಹೀಟರ್ ಆರಿಸಿ, ನೀರನ್ನು ಹಾಗೇ ಬಿಟ್ಟು, ಶುಕ್ರವಾರ ಮತ್ತೆ ಕಾಯಿಸಿದರೆ ವಾರವಿಡೀ ಉಗುರುಬೆಚ್ಚಗಿನ ನೀರಿನಲ್ಲಿ ಪೈಪಿನ ಒಳಗೋಡೆಯ ಲೋಳೆ ಬೆಳೆಯುತ್ತದೆ. ಸೋಮವಾರವೇ ಖಾಲಿಮಾಡಿ, ತೊಟ್ಟಿ ಉಜ್ಜಿ, ಪೈಪುಗಳಲ್ಲಿ ಕ್ಲೋರಿನ್ ನೀರು ಓಡಿಸಿ ಒಣಗಿಸಿ. ಒಬ್ಬರಿಗೆ ಹನ್ನೊಂದೂವರೆ ಲೀಟರ್ ಲೆಕ್ಕದಲ್ಲಿ, 1,500 ಲೀಟರಿನ ತೊಟ್ಟಿಯಾದರೆ ಸುಮಾರು 130 ಜನ ಬಳಸಿದ ಕೂಡಲೇ ನೀರು ಬದಲಿಸಬೇಕು. ಬಿಸಿ 40 ಡಿಗ್ರಿ ಮೀರಬಾರದು, 15 ನಿಮಿಷ ಸಾಕು. ಗರ್ಭಿಣಿಯರು, ಕುಡಿದವರು ಇಳಿಯಬಾರದು.

ಅಬ್ಬಿ ನೀರು ಕಟ್ಟಿಹಾಕಿ ಮಾಡಿದ ಕೊಳಗಳಿಗೂ ಇದೇ ಎಚ್ಚರ ಬೇಕು. ಹರಿವ ನೀರಿಗೆ ಕ್ಲೋರಿನ್ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಇಲಿ ಮೂತ್ರದಿಂದ ಇಲಿಜ್ವರ ಬರಬಹುದು, ಕಾಲಿಗೆ ಗಾಯವಿದ್ದವರು ಇಳಿಯಬಾರದು. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಮಿದುಳು ಜ್ವರ ಬಂದು ಮಕ್ಕಳು ತೀರಿಕೊಂಡದ್ದನ್ನು ಓದಿದ್ದೀರಿ. ಅದರಲ್ಲಿ ನೇಗ್ಲೇರಿಯಾ ಎಂಬುದು ಬೆಚ್ಚಗಿನ ನಿಂತ ನೀರಿನಿಂದ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ನೀರು ಕುಡಿದರೆ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸರಿಯಾಗಿ ಕ್ಲೋರಿನ್ ಇರುವ ಕೊಳದಲ್ಲಿ ಅದು ಉಳಿಯುವುದಿಲ್ಲ. ಕೊಳವನ್ನು ಒಂದೋ ಪೂರ್ತಿ ಈಜುಕೊಳವಾಗಿ ನಡೆಸಿ, ಇಲ್ಲವೇ ವಾರಕ್ಕೊಮ್ಮೆ ಬಸಿದು ಉಜ್ಜಿ, ತಲೆ ಮುಳುಗಿಸಬೇಡಿ ಎಂದು ಅತಿಥಿಗಳಿಗೆ ಹೇಳಿ. ಪಾಚಿಗೆಂದು ಮನೆಯಲ್ಲಿರುವ ಮೈಲುತುತ್ತ ಹಾಕಿ ನೆಮ್ಮದಿಯಾಗಬೇಡಿ. ಪಾಚಿ ಹೋಗುತ್ತದೆ, ನೀರು ಚೆಂದ ಕಾಣುತ್ತದೆ, ರೋಗಾಣು ಉಳಿಯುತ್ತದೆ.

ಕಾಯಿಲೆಗೆ ಸಮಯ ಬೇಕು, ಮುಳುಗುವುದಕ್ಕೆ ನಿಮಿಷ ಸಾಕು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಬಾಯಿ ನೀರಿನ ಮಟ್ಟಕ್ಕೆ ಬಂದು ಬಂದು ಇಳಿಯುತ್ತದೆ ಅಷ್ಟೇ. ಲೈಫ್‌ಗಾರ್ಡ್ ಕೈಯಲ್ಲಿ ಮೊಬೈಲ್ ಇರಬಾರದು, ಟಿಕೆಟ್ ಹರಿಯುವ ಕೆಲಸವೂ ಅವರದಾಗಬಾರದು. ಪಂಪು ನೀರೆಳೆಯುವ ತಳದ ರಂಧ್ರದ ಜಾಲರಿ ದಡದಿಂದ ಸ್ಪಷ್ಟ ಕಾಣದಿದ್ದರೆ ಕೊಳ ಮುಚ್ಚಿ. ಆ ಜಾಲರಿಯನ್ನು ದಿನಾ ಬೆಳಿಗ್ಗೆ ನೋಡಿ. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ಸ್ಪಾದ ತಳದ ಸೆಳೆತಕ್ಕೆ ಸಿಕ್ಕಿ ತೀರಿಕೊಂಡ ಮೇಲೆ, ಸುರಕ್ಷಿತ ಜಾಲರಿ ಕಡ್ಡಾಯ ಮಾಡುವ ಕಾಯ್ದೆ 2007ರಲ್ಲಿ ಬಂತು. ಒಂದೇ ಪಂಪಿಗೆ ಒಂದೇ ರಂಧ್ರ ಇದ್ದರೆ ಮಗುವಿನ ಮೈ ಅದನ್ನು ಮುಚ್ಚಿದಾಗ ಪಂಪಿನ ಸೆಳೆತವೆಲ್ಲ ಅಲ್ಲೇ ಬೀಳುತ್ತದೆ, ದೊಡ್ಡವರು ಎಳೆದರೂ ಬಿಡಿಸಲಾಗುವುದಿಲ್ಲ. ಒಂದು ಮೀಟರಿಗೂ ಹೆಚ್ಚು ಅಂತರದಲ್ಲಿ ಎರಡು ರಂಧ್ರಗಳಿರಲಿ, ಪಂಪ್ ನಿಲ್ಲಿಸುವ ಬಟನ್ ದಡದಲ್ಲೇ ಕೈಗೆಟುಕಲಿ. ಜಾಲರಿಯ ಒಂದು ಸ್ಕ್ರೂ ಸಡಿಲಿದ್ದರೂ ಆ ದಿನ ಈಜು ಇಲ್ಲ.

ಮೇಲೆತ್ತಿದವರ ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿದು ನೀರು ಕಕ್ಕಿಸುವುದು ಬೇಡ. ಆ ಕ್ಷಣದಲ್ಲಿ ಬೇಕಾದದ್ದು ಗಾಳಿ. ಉಸಿರಿಲ್ಲದಿದ್ದರೆ ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಉಸಿರು ಕೊಡಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು ಮಾತಾಡಿದರೂ ಕೆಮ್ಮು ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಭೆಯಲ್ಲಿ ಒಬ್ಬ ತಾಯಿ ಕೇಳಿದರು: ‘ನಮಗೆ ಇದೆಲ್ಲ ಅಳೆಯಲು ಬರುವುದಿಲ್ಲ, ಮಗನನ್ನು ಕಳಿಸುವ ಮುಂಚೆ ಏನು ನೋಡಲಿ?’ ಉತ್ತರ ಇದು. ದಡದಲ್ಲಿ ನಿಂತು ಆಳದ ಕಡೆಯ ಜಾಲರಿ ಹುಡುಕಿ. ಟೈಲ್ಸ್ ಅನ್ನು ಬೆರಳಿನಿಂದ ಉಜ್ಜಿ ನೋಡಿ, ಲೋಳೆ ಇದೆಯೇ? ನೀರನ್ನೇ ನೋಡುತ್ತ ಕೂತ ಲೈಫ್‌ಗಾರ್ಡ್ ಇದ್ದಾರೆಯೇ? ಕೊನೆಗೆ ಇವತ್ತಿನ ರಿಜಿಸ್ಟರ್ ಕೇಳಿ. ಅಂಕಿಗಳು ಹೊತ್ತಿಗೆ ತಕ್ಕಂತೆ ಅಷ್ಟಿಷ್ಟು ಏರಿಳಿದಿದ್ದರೆ ಯಾರೋ ನಿಜವಾಗಿ ಅಳೆದಿದ್ದಾರೆ. ತಿಂಗಳಿಡೀ ಪಿಎಚ್ 7.4, ಕ್ಲೋರಿನ್ 2 ಎಂದೇ ಇದ್ದರೆ, ಕಿಟ್ ತೆಗೆಸಿ ನಿಮ್ಮೆದುರೇ ಒಮ್ಮೆ ಅಳೆದು ತೋರಿಸಿ ಎನ್ನಿ.